ಬಂಡೆಗೆ ಒಬ್ಬರೇ ಬಳಕೆದಾರರು

ಹಿರಿಯೂರಿನ ತಾಲ್ಲೂಕು ಕಚೇರಿಯ ಎದುರಿನ ಓಣಿಯಲ್ಲಿ ಒಂದು ಸೋಮವಾರ ಮಧ್ಯಾಹ್ನ ನನಗೆ ಮದುವೆಯಾಯಿತು. ವರ ಯಾರೆಂದು ಇವತ್ತಿಗೂ ಗೊತ್ತಿಲ್ಲ. ತಾಯಿಯ ಪಾಲಿನಿಂದ ನನಗೆ ಬಂದಿದ್ದ ಐಮಂಗಲದ ಒಂದೂವರೆ ಎಕರೆಯ ಪಹಣಿಯಲ್ಲಿ ನನ್ನ ಹೆಸರು ತಪ್ಪಾಗಿತ್ತು, ಸರಿಪಡಿಸಲು ಒಂದು ಅಫಿಡವಿಟ್ ಬೇಕಿತ್ತು. ಬಾಂಡ್ ರೈಟರ್ ಟೈಪ್ ಮಾಡಿಕೊಟ್ಟ ಕಾಗದ ಓದಿದರೆ ನನ್ನ ಹೆಸರಿನ ಮುಂದೆ ‘ಕೋಂ’ ಎಂದು ಹಾಕಿ ಒಬ್ಬ ಗಂಡಸಿನ ಹೆಸರಿತ್ತು. ಕೋಂ ಅಂದರೆ ಇಂಥವರ ಹೆಂಡತಿ. ನಲವತ್ಮೂರು ವರ್ಷ ಯಾರ ಕೈಗೂ ಸಿಗದೆ ಓಡಾಡಿಕೊಂಡಿದ್ದ ನಾನು ಛಾಪಾ ಕಾಗದದ ಮೇಲೆ ಹೀಗೆ ಸಿಕ್ಕಿಬಿದ್ದಿದ್ದೆ.

“ಇದ್ಯಾರು ಸಾಹೇಬ್ರೆ?” ಎಂದು ಕೇಳಿದೆ.

ಅವರು ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಅರವತ್ತೈದು ದಾಟಿದ ಮನುಷ್ಯ, ತೆಳ್ಳಗಿನ ಬಿಳಿ ಗಡ್ಡ, ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಅಯ್ಯೋ, ಬೆಳಿಗ್ಗೆ ಬಂದಿದ್ದ ಹೆಣ್ಮಗಳ ಯಜಮಾನ್ರು ಇವ್ರು. ನಿಮ್ ಪತ್ರದಾಗೆ ಉಳ್ಕಂಡವ್ರೆ. ತಪ್ ತಿಳ್ಕಬ್ಯಾಡ್ರಿ ತಾಯಿ, ಕುಂತ್ಕಳ್ರಿ, ಈಗ ತೆಗ್ದು ಹಾಕ್ತೀನಿ.”

ಆ ಓಣಿಯ ಬರಹಗಾರರೆಲ್ಲರ ಪದ್ಧತಿ ಅದೇ. ಯಾವ ಪತ್ರವನ್ನೂ ಮೊದಲಿನಿಂದ ಬರೆಯುವುದಿಲ್ಲ. ಹಿಂದಿನ ಪಾರ್ಟಿಯ ಪತ್ರವನ್ನೇ ತೆರೆದು, ಅದರ ಮೇಲೇ ಹೆಸರು, ಸರ್ವೆ ನಂಬರು, ಜಮೀನಿನ ಎಲ್ಲೆ ಹೇಳುವ ಚಕ್ಕುಬಂದಿ ಬದಲಿಸಿ ಮುದ್ರಿಸಿ ಕೊಡುತ್ತಾರೆ. ಪತ್ರ ಪಾರ್ಟಿಯ ಜೊತೆ ಹೋಗುತ್ತದೆ, ಕಂಪ್ಯೂಟರಿನಲ್ಲಿ ಉಳಿದದ್ದು ಮುಂದಿನವನಿಗೆ ಆಗುತ್ತದೆ. ಟೈಪ್‌ರೈಟರ್ ಕಾಲದಿಂದ ಬಂದ ಮನುಷ್ಯರು, ಬರೆದದ್ದನ್ನು ತಮಗೆಂದು ಇಟ್ಟುಕೊಂಡು ಅಭ್ಯಾಸವೇ ಇಲ್ಲ. ಸಾಹೇಬರೇ ಹೇಳಿದ ಆ ಮಾತನ್ನು ನಾನು ಅವತ್ತು ಕೇಳಿ ನಕ್ಕೆ. ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಸಾಹೇಬರು ನನ್ನ ಗಂಡನನ್ನು ಅಳಿಸಲು ಹೊರಟರು, ಕರೆಂಟ್ ಹೋಯಿತು. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಗಿರಗಿರನೆ ತಿರುಗುತ್ತವೆ, ಕೆಳಗೆ ಅಂಗಡಿಯಲ್ಲಿ ಫ್ಯಾನು ನಿಂತಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂದಾಗ ಕಂಪ್ಯೂಟರ್ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದು ನಿಂತುಬಿಟ್ಟಿತು. ಇದು ಈ ತಿಂಗಳಲ್ಲಿ ಎರಡನೇ ಸಲವಂತೆ. ಸಾಹೇಬರು ಸುಮ್ಮನೆ ಕೈ ಕಟ್ಟಿಕೊಂಡು ತೆರೆ ನೋಡುತ್ತ ಕೂತರು. ನನ್ನ ಬ್ಯಾಗಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಬಂಡೆ ಇತ್ತು.

ಬಂಡೆ ಎಂದರೇನು ಎಂದು ಹೇಳಬೇಕು. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಚಿತ್ರದುರ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳುತ್ತೇನೆ. ಸೋಮವಾರ ರಜೆ. ಉಳಿದ ದಿನಗಳಲ್ಲೂ ಮಧ್ಯಾಹ್ನ ಎರಡರಿಂದ ನಾಲ್ಕು ಖಾಲಿ. ಆ ಹೊತ್ತಿನಲ್ಲಿ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ನಾನೇ ಕಟ್ಟಿದ ಲಿನಕ್ಸ್ ಅದು, ವಿಂಡೋಸ್ ಬದಲು ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಕೋಟೆಯ ಬಂಡೆಗಳ ಬಗಲಿಗೇ ಇರುವ ಕೋಣೆ, ಅದಕ್ಕೇ ಆ ಹೆಸರು. ಅದರ ಗುಣ ಇಷ್ಟೇ: ಮೂಲ ವ್ಯವಸ್ಥೆಯನ್ನು ಯಾರೂ ಬದಲಿಸಲಾಗದು. ವೈರಸ್ ಬಂದರೂ, ತಿಳಿಯದೆ ಏನೋ ಒತ್ತಿದರೂ, ನಡುವೆ ಕರೆಂಟ್ ಹೋದರೂ, ಮತ್ತೆ ಚಾಲೂ ಮಾಡಿದರೆ ಮೊದಲಿದ್ದ ಹಾಗೇ ಎದ್ದು ಕೂರುತ್ತದೆ. ಹೊಸ ಆವೃತ್ತಿ ಬಂದರೆ ಪಕ್ಕದ ಬೇರೊಂದು ಜಾಗದಲ್ಲಿ ಇಡೀ ವ್ಯವಸ್ಥೆ ಹೊಸದಾಗಿ ಇಳಿಯುತ್ತದೆ. ಅದು ಏಳದಿದ್ದರೆ ಹಳೆಯದೇ ಏಳುತ್ತದೆ. ಮನೆಯ ಒಡತಿ ಒಮ್ಮೆ ಕೇಳಿದಾಗ ಒರಳುಕಲ್ಲು ಇದ್ದ ಹಾಗೆ ಎಂದಿದ್ದೆ. ಏನು ಬೇಕಾದರೂ ರುಬ್ಬಿ, ತೊಳೆದರೆ ಅದೇ ಕಲ್ಲು. ಆಕೆ, “ಇಷ್ಟ್ ದಿನ ಕುಂತು ಒಳ್ಳು ಮಾಡಿದ್ರಾ?” ಎಂದು ಕೇಳಿ ಒಳಗೆ ಹೋದರು.

ಕಟ್ಟಲು ಎರಡು ವರ್ಷ ಹಿಡಿದಿತ್ತು. ಒಂದು ಸಾಲು ಬದಲಿಸಿದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇಡೀ ವ್ಯವಸ್ಥೆ ಮತ್ತೆ ಕಟ್ಟಿಕೊಳ್ಳಲು ಒಂದು ಗಂಟೆ ಬೇಕು. ಆ ಒಂದು ಗಂಟೆ ನಾನು ಗೋಡೆ ನೋಡುತ್ತಿದ್ದೆ. ಯಾರಿಗಾದರೂ ಫೋನ್ ಮಾಡೋಣವೆಂದರೆ ಯಾರಿಗೆ ಎಂದು ಹೊಳೆಯುತ್ತಿರಲಿಲ್ಲ. ಕನ್ನಡದ ಒತ್ತಕ್ಷರ ಮುದ್ರಣದಲ್ಲಿ ಒಡೆಯದಂತೆ ಮಾಡಲು ಹನ್ನೊಂದು ದಿನ ಹೆಣಗಿದೆ. ಹನ್ನೆರಡನೆಯ ದಿನ ‘ಸ್ತ್ರೀ’ ಸರಿಯಾಗಿ ಕಾಗದದ ಮೇಲೆ ಬಂದಾಗ ಕೋಣೆಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದೆ. ಒಬ್ಬಳೇ ತಟ್ಟಿದ ಚಪ್ಪಾಳೆ ಎಷ್ಟು ಕೆಟ್ಟದಾಗಿ ಕೇಳುತ್ತದೆಂದು ಅವತ್ತು ಗೊತ್ತಾಯಿತು. ಆಮೇಲೆ ಎಂದೂ ತಟ್ಟಲಿಲ್ಲ.

ಅಂತರ್ಜಾಲದಲ್ಲಿ ಹಾಕಿದೆ. ಇಂಥದ್ದು ಮಾಡುವವರ ಒಂದು ವೇದಿಕೆಯಲ್ಲಿ ಬರೆದೆ. ಯಾರೂ ಉತ್ತರಿಸಲಿಲ್ಲ. ಮೂರು ಡೌನ್‌ಲೋಡ್ ಆಗಿದ್ದವು, ಅದರಲ್ಲಿ ಎರಡು ನಾನೇ ಪರೀಕ್ಷೆಗೆ ಮಾಡಿದ್ದು. ಹೊಳಲ್ಕೆರೆಯ ಒಬ್ಬ ಶಾಲಾ ಮೇಷ್ಟ್ರಿಗೆ ತೋರಿಸಲು ಬಸ್ಸು ಹತ್ತಿ ಹೋದೆ. ಅವರು ಪೂರ್ತಿ ಕೇಳಿ, ಚಹಾ ಕೊಟ್ಟು, “ಮಕ್ಳಿಗೆ ಗೇಮ್ ಏನಾದ್ರೂ ಅವೆಯಾ?” ಎಂದರು. ಹೊಸದುರ್ಗದ ಸೈಬರ್ ಸೆಂಟರಿನವನು ಒಂದು ಯಂತ್ರಕ್ಕೆ ಹಾಕಿಸಿಕೊಂಡು, ನನ್ನ ಬಸ್ಸು ಊರು ದಾಟುವ ಮೊದಲೇ ತೆಗೆದುಹಾಕಿದ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಅವನ ಅಂಗಡಿ ಮುಂದೆ ಹೋಗುವ ಪ್ರಸಂಗ ಬಂದರೆ ಈಗಲೂ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತೇನೆ.

ಹಾಗಾಗಿ ಸಾಹೇಬರ ಯಂತ್ರದಲ್ಲಿ ಬಂಡೆ ಎದ್ದು ಕೂತಾಗ, ಅವರು “ಹೌದಲ್ರೀ! ಎದ್ದೇ ಬಿಡ್ತು!” ಎಂದಾಗ, ನನಗೆ ಅಳು ಬರುವ ಹಾಗಾಯಿತು. ಮುಚ್ಚಿಡುವುದೇನಿದೆ, ಬಂದೇ ಬಿಟ್ಟಿತು. ಧೂಳು ಎಂದು ಹೇಳಿ ಕಣ್ಣೊರೆಸಿಕೊಂಡೆ. ಬಂಡೆಗೆ ಒಬ್ಬರು ಬಳಕೆದಾರರು ಸಿಕ್ಕಿದ್ದರು. ಅವರೂ ಬಿಟ್ಟರೆ ಮತ್ತೆ ನಾನು, ನನ್ನ ಗೋಡೆ.

ಮುಂದಿನ ಎರಡು ಸೋಮವಾರ ಅವರಿಗೆಂದೇ ವ್ಯವಸ್ಥೆಯನ್ನು ತಿದ್ದಿದೆ. ಕ್ರಯಪತ್ರ, ಅಫಿಡವಿಟ್, ಒಪ್ಪಿಗೆ ಪತ್ರ ಎಲ್ಲದರ ಮಾದರಿಗಳನ್ನು ಮೂಲದೊಳಗೆ ಭದ್ರವಾಗಿ ಇಟ್ಟೆ. ಪ್ರತಿ ಬೆಳಿಗ್ಗೆ ಯಂತ್ರ ಚಾಲೂ ಮಾಡಿದಾಗ ಅವುಗಳ ಹೊಸ ನಕಲು ತೆರೆಯ ಮೇಲೆ ಬರುತ್ತದೆ, ಹೆಸರಿನ ಜಾಗ ಖಾಲಿ ಇರುತ್ತದೆ. ಹಗಲೆಲ್ಲ ಅದರ ಮೇಲೆ ಬೇಕಾದ್ದು ಬರೆಯಲಿ, ಮುದ್ರಿಸಲಿ. ಸಂಜೆ ಯಂತ್ರ ಆರಿಸಿದರೆ ಅಷ್ಟೂ ಹೋಗುತ್ತದೆ. ಇನ್ನು ಯಾವ ಹೆಣ್ಣುಮಗಳಿಗೂ ಬೆಳಗಿನ ಪಾರ್ಟಿಯ ಗಂಡ ಗಂಟು ಬೀಳುವುದಿಲ್ಲ. ಬೇಕೇಬೇಕಾದ್ದನ್ನು ಇಡಲು ‘ಇಟ್ಟುಕೊಳ್ಳಿ’ ಎಂಬ ಒಂದು ಫೋಲ್ಡರ್ ಮಾಡಿದೆ. ಅದರಲ್ಲಿ ಇಟ್ಟದ್ದು ಮಾತ್ರ ಉಳಿಯುತ್ತದೆ ಎಂದು ಎರಡು ಸಲ ಹೇಳಿದೆ. ಸಾಹೇಬರು ಎರಡು ಸಲವೂ ತಲೆಯಾಡಿಸಿದರು.

ಆಮೇಲೆ ಫೋನುಗಳು ಶುರುವಾದವು. ಅಕ್ಷರ ಸಣ್ಣದು. ಪ್ರಿಂಟರ್ ಕಾಗದ ಎರಡು ಎಳೆಯಿತು. ತೆರೆಯ ಮೇಲೆ ಏನೋ ಮಿಂಚಿ ಹೋಯಿತು. ಕೆಲವು ಸಲ ಏನೂ ಇರುತ್ತಿರಲಿಲ್ಲ, “ಊಟ ಆಯ್ತಾ ಮೇಡಮ್ಮ?” ಎಂದು ಕೇಳಲು ಮಾಡುತ್ತಿದ್ದರು. ಒಂದು ದಿನ ಮೂವತ್ತು ಜನರ ಮುಂದೆ ಪಾಠ ಮಾಡುವಾಗ ಮೂರು ಸಲ ಫೋನ್ ಬಂತು. ಹೊರಗೆ ಬಂದು ಎತ್ತಿ, ಬಾಯಿಗೆ ಬಂದದ್ದು ಅಂದೆ.

“ಸಾಹೇಬ್ರೆ, ಫೋನ್ ಮಾಡಬೇಡಿ. ಬಾಯಲ್ಲಿ ಹೇಳಿದ್ದು ನನಗೆ ನೆನಪಿರಲ್ಲ. ಏನಿದ್ದರೂ ಯಂತ್ರದಲ್ಲೇ ಬರೆದಿಡಿ. ನಿಮ್ಮ ಯಂತ್ರ ನಾನು ದುರ್ಗದಿಂದಲೇ ನೋಡ್ತಾ ಇರ್ತೀನಿ.”

ಕೊನೆಯ ಮಾತು ಬರೀ ಜಂಬ. ನಾನು ದುರ್ಗದಿಂದ ಹೊಸ ಆವೃತ್ತಿ ಕಳಿಸಬಲ್ಲೆ, ಅಷ್ಟೇ. ಅವರ ಯಂತ್ರದೊಳಗೆ ಏನಿದೆ ಎಂದು ನೋಡಲು ನನ್ನಿಂದ ಆಗುವುದಿಲ್ಲ. ಆಗಬಾರದೆಂದೇ ಹಾಗೆ ಮಾಡಿದ್ದೆ. ಆದರೆ ಸಿಟ್ಟಿನಲ್ಲಿದ್ದಾಗ ನನಗೆ ಸ್ವಲ್ಪ ದೊಡ್ಡವಳಾಗಿ ಕಾಣಿಸಿಕೊಳ್ಳಬೇಕು ಅನ್ನಿಸುತ್ತದೆ.

“ಆಯ್ತು ತಾಯಿ, ಬರೀತೀನಿ,” ಎಂದರು. ಅಂದಿನಿಂದ ಫೋನ್ ನಿಂತಿತು.

ಹದಿನೈದು ದಿನಕ್ಕೊಮ್ಮೆ ಸೋಮವಾರ ನಾನು ಹಿರಿಯೂರಿಗೆ ಹೋಗುತ್ತಿದ್ದೆ. ಹೋದ ಕೂಡಲೇ ‘ಇಟ್ಟುಕೊಳ್ಳಿ’ ಫೋಲ್ಡರ್ ತೆರೆಯುತ್ತಿದ್ದೆ. ಖಾಲಿ. ಮುಂದಿನ ಸಲವೂ ಖಾಲಿ. ಸಾಹೇಬರು ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. “ಎಲ್ಲಾ ಸರಿ ಐತಲ್ಲ ಮೇಡಮ್ಮ?” ಎಂದು ಕೇಳುತ್ತಿದ್ದರು. “ಸರಿ ಇದೆ,” ಎನ್ನುತ್ತಿದ್ದೆ. ಅವರಿಗೆ ಅದರಿಂದ ಖುಷಿಯಾದಂತೆ ಕಾಣುತ್ತಿತ್ತು. ಚಹಾ ತರಿಸುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು. ಅಷ್ಟು ಹೇಳಿದರೂ ಒಂದು ಸಾಲು ಬರೆದಿಡಲು ಈ ಮನುಷ್ಯನಿಗೆ ಏನು ದಾಡಿ? ವೇದಿಕೆಯವರು ಬರೆಯಲಿಲ್ಲ, ಸರಿ, ಅವರಿಗೆ ನಾನು ಯಾರೋ. ಚಹಾ ಕುಡಿಸುವ ಇವರೂ ಬರೆಯುವುದಿಲ್ಲವೆಂದರೆ? ವಾಪಸು ಬರುವ ಬಸ್ಸಿನಲ್ಲಿ ಐಮಂಗಲ ದಾಟುವವರೆಗೂ ಅದೇ ಯೋಚನೆ. ಕಿಟಕಿಯಾಚೆ ಕುರಿಹಿಂಡು ಹೆದ್ದಾರಿ ದಾಟಲು ಕಾಯುತ್ತ ನಿಂತಿರುತ್ತಿತ್ತು. ಕುರಿ ಕಾಯುವವನು ಅವುಗಳ ಜೊತೆ ಏನೋ ಮಾತಾಡುತ್ತಿರುತ್ತಿದ್ದ. ನನಗೆ ಅವನ ಮೇಲೂ ಹೊಟ್ಟೆಕಿಚ್ಚಾಗುತ್ತಿತ್ತು.

ಅವರು ಬರೆಯದಿದ್ದರೆ ಏನಂತೆ, ನನಗೇ ತೋರಿದ್ದನ್ನು ತಿದ್ದಿದೆ. ಅಕ್ಷರ ದೊಡ್ಡದು ಮಾಡಿದೆ. ಛಾಪಾ ಕಾಗದದ ಮೇಲ್ಭಾಗದಲ್ಲಿ ಇನ್ನಷ್ಟು ಜಾಗ ಬಿಡಬೇಕೆಂದು ಹೊಳೆಯಿತು, ಬಿಟ್ಟೆ. ಹೊಸ ಆವೃತ್ತಿ ಕಳಿಸಿದೆ. ಅವರಿಂದ ಒಂದು ಮಾತಿಲ್ಲ.

ಹೀಗೆ ನಾಲ್ಕೈದು ತಿಂಗಳು. ಒಂದು ಸೋಮವಾರ ಹೋದರೆ ಅಂಗಡಿ ಬಾಗಿಲು ಹಾಕಿತ್ತು. ಪಕ್ಕದ ಚಹಾ ಅಂಗಡಿಯವರು, “ಸಾಹೇಬ್ರು ಕಣ್ ಆಪರೇಶನ್ನಿಗೆ ದಾವಣಗೆರೆಗೆ ಹೋದ್ರಲ್ಲ. ನಿಮಗೆ ಹೇಳಿಲ್ವೇನು?” ಎಂದರು. ಹೇಳಿರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್. ಬಾಗಿಲ ಬೀಗ ನೋಡುತ್ತ ನಿಂತೆ. ಆ ಹೊತ್ತಿನಲ್ಲಿ ಅವರ ಕಣ್ಣಿನ ಚಿಂತೆಗಿಂತ ಮೊದಲು ನನಗೆ ಬಂದದ್ದು ಕೋಪ. ಇಷ್ಟು ದಿನ ಓಡಾಡಿದ ನನಗೆ ಒಂದು ಮಾತು ಹೇಳದೆ ಹೋದರಲ್ಲ, ಇವರಿಗೂ ನಾನು ಯಾರೋ ಒಬ್ಬ ಪಾರ್ಟಿ. ಮೂರು ವಾರ ಆ ಕಡೆ ಹೋಗಲಿಲ್ಲ, ಫೋನ್ ಮಾಡಲೂ ಇಲ್ಲ. ಬಂಡೆಯ ಕೆಲಸವನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗುತ್ತಿದ್ದೆ, ನಿದ್ದೆ ಬರುತ್ತಿರಲಿಲ್ಲ.

ನಾಲ್ಕನೆಯ ಸೋಮವಾರ ಕಾಲು ತಾನಾಗಿ ಬಸ್ ನಿಲ್ದಾಣಕ್ಕೆ ನಡೆಯಿತು.

ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಮುಂದೆ ಹಳೆಯ ಟೈಪ್‌ರೈಟರ್. ಕಂಪ್ಯೂಟರಿಗೆ ಒಂದು ಟವೆಲ್ ಹೊದಿಸಿತ್ತು. ಅದನ್ನು ಕಂಡದ್ದೇ ಅಂದುಕೊಂಡೆ: ಬಂಡೆಗೆ ಇದ್ದ ಒಬ್ಬ ಬಳಕೆದಾರರೂ ಹೋದರು.

“ಬರ್ರಿ,” ಎಂದರು. ಕುಂತ್ಕಳ್ರಿ ಎನ್ನಲಿಲ್ಲ.

“ಕಣ್ಣು ಹೇಗಿದೆ?”

“ಐತೆ.”

“ನನಗೊಂದು ಮಾತು ಹೇಳದೆ ಹೋದಿರಲ್ಲ ಸಾಹೇಬ್ರೆ.”

ಅವರು ಟೈಪ್ ಮಾಡುವುದು ನಿಲ್ಲಿಸಿದರು. “ಹೇಳ್ದೆ ಹೋದ್ನಾ? ಬಸ್ ಸ್ಟ್ಯಾಂಡಿನಾಗೆ ನಿಮಗೆ ಕಾದು ಎರಡು ಬಸ್ ಬಿಟ್ಟೆನಮ್ಮ. ಮೂರನೇದಕ್ಕೆ ಹತ್ತಿದೆ. ಒಬ್ಬನೇ ಹೋದೆ, ಒಬ್ಬನೇ ಬಂದೆ. ಮಗಳಿಗೆ ಬಾಣಂತನ, ಅವಳು ಹೊಸದುರ್ಗದಿಂದ ಬರಂಗಿಲ್ಲ. ಕಣ್ಣಿಗೆ ಪಟ್ಟಿ ಕಟ್ಕಂಡು ಬಸ್ಸಿನ ಬೋರ್ಡ್ ಯಾರ್ ಯಾರನ್ನೋ ಕೇಳಿ ಹತ್ತಿದೆ. ಬರಾಕಾಗಲ್ಲ ಅಂದಿದ್ರೆ ನಾನೇನ್ ಬೇಜಾರ್ ಮಾಡ್ಕಂತಿದ್ನಾ?”

“ನನಗೆ ಹೇಗೆ ಗೊತ್ತಾಗಬೇಕು?”

“ಬರೆದಿದ್ನಲ್ಲ!”

“ಎಲ್ಲಿ ಬರೆದಿದ್ರಿ? ನಾನು ಬಂದಾಗಲೆಲ್ಲ ನೋಡಿದ್ದೀನಿ. ಒಂದಕ್ಷರ ಇಲ್ಲ.” ನನ್ನ ದನಿ ಏರಿತು. ಚಹಾ ಅಂಗಡಿಯವರು ಇಣುಕಿದರು.

ಸಾಹೇಬರು ಮೇಜಿನ ಕೆಳಗಿನ ರಟ್ಟಿನ ಡಬ್ಬಿ ಎಳೆದರು. ತಪ್ಪು ಮುದ್ರಣದ ಕಾಗದಗಳನ್ನು ಅವರು ಬಿಸಾಡುವುದಿಲ್ಲ, ಹಿಂಬದಿಯಲ್ಲಿ ಲೆಕ್ಕ, ವಿಳಾಸ ಬರೆದುಕೊಳ್ಳಲು ಇಟ್ಟಿರುತ್ತಾರೆ. “ಇದೊಂದು ಅಪ್ಪಿತಪ್ಪಿ ಪಾರ್ಟಿ ಪತ್ರದ ಜೊತೆ ಪ್ರಿಂಟಾಗಿತ್ತು,” ಎಂದು ಹುಡುಕಿ ಒಂದು ಹಾಳೆ ತೆಗೆದು ಕೊಟ್ಟರು. ಯಾರದೋ ಅಫಿಡವಿಟ್ಟಿನ ಕೊನೆಯ ಪುಟ. ಪತ್ರ ಮುಗಿದ ಮೇಲೆ ಎಂದಿನಂತೆ ‘ಬಿಕ್ಕಲಂ’ ಎಂದಿತ್ತು. ಪತ್ರ ಬರೆದವನು ತನ್ನ ಹೆಸರು ಹಾಕುವ ಜಾಗ ಅದು. ಅದರ ಕೆಳಗೆ, ಪತ್ರಕ್ಕೆ ಸಂಬಂಧವೇ ಇಲ್ಲದ ಕೆಲವು ಸಾಲುಗಳು:

‘ಮೇಡಮ್ಮನವರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಸದರಿ ಯಂತ್ರವು ಯಾವ ತಕರಾರೂ ಇಲ್ಲದೆ ನಡೆಯಿತು. ಎರಡು ಪಾರ್ಟಿ ಬಂದಿದ್ದರು. ಅಕ್ಷರ ದೊಡ್ಡದು ಮಾಡಿದ್ದು ನೋಡಿದೆ, ಸಂತೋಷ. ಆದರೂ ಮಂಜು ಮಂಜು. ಇದು ಯಂತ್ರದ ತಪ್ಪಲ್ಲ, ನನ್ನ ಕಣ್ಣಿನದು. ಸದರಿ ಮೇಡಮ್ಮನವರು ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತದೆ. ಮಾಡತಕ್ಕದ್ದು. ಇಲ್ಲಿ ಮೋಡ ಆಗಿದೆ, ದುರ್ಗದಲ್ಲಿ ಹೇಗೋ.’

ಎರಡು ಸಲ ಓದಿದೆ.

“ಇಲ್ಲಿ ಯಾಕೆ ಬರೆದ್ರಿ? ಫೋಲ್ಡರ್ ಇತ್ತಲ್ಲ.”

“ಅದು ಪಾರ್ಟಿಗಳದ್ದು ಇಡಾಕೆ ಅಂದ್ಕಂಡೆ. ಪತ್ರದಾಗೆ ಬರೆಯೋನ ಜಾಗ ಅಂದ್ರೆ ಬಿಕ್ಕಲಂ ಒಂದೇ ತಾಯಿ. ಮೇಲಿನದೆಲ್ಲ ಪಾರ್ಟಿದು. ನಲವತ್ತು ವರ್ಷದಿಂದ ಅಲ್ಲೇ ಬರೆದೀನಿ. ಅದ್ಕೇ ಅಂಗಡಿ ಮುಚ್ಚಾಕೆ ಮುಂಚೆ ದಿನಾ ಅಫಿಡವಿಟ್ಟಿನಾಗೆ ಬಿಕ್ಕಲಂ ಕೆಳಗೆ ನಿಮಗೆ ಬರೀತಿದ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಇರ್ತಿರ್ಲಿಲ್ಲ. ದುರ್ಗದಿಂದ ಓದ್ಕಂಡು ತಗಂಡ್ರು ಅಂತ ಖುಷಿ ಆಗ್ತಿತ್ತು. ಮೇಲೆ ಜಾಗ ಬಿಡ್ರಿ ಅಂತ ಬರೆದೆ, ನಾಲ್ಕು ದಿನಕ್ಕೆ ನೀವು ಬಿಟ್ರಿ. ಆಮೇಲೆ ಆಪರೇಶನ್ ಐತೆ, ಜೊತೆಗೆ ಬರ್ತೀರಾ ಅಂತ ಬರೆದೆ. ಬೆಳಿಗ್ಗೆ ಅದೂ ಇರ್ಲಿಲ್ಲ. ಓದೀರಿ ಅಂತಾತು. ಆದ್ರೆ ಬರ್ಲಿಲ್ಲ.”

“ಒಂದು ಫೋನ್ ಮಾಡಬಾರದಿತ್ತಾ?”

“ಮಾಡ್ಬ್ಯಾಡ್ರಿ ಅಂದಿದ್ರಲ್ಲ.”

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವರು ಹೇಳದಿದ್ದರೂ ಕೂತೆ. ಯಾರೂ ನನಗೆ ಬರೆಯುವುದಿಲ್ಲವೆಂದು ಐಮಂಗಲದವರೆಗೂ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದ ಅಷ್ಟೂ ಸೋಮವಾರಗಳ ನಡುವೆ ಒಬ್ಬರು ನನಗೆ ದಿನವೂ ಬರೆಯುತ್ತಿದ್ದರು. ನಾನು ಎರಡು ವರ್ಷ ಕೂತು, ಒಂದು ತಪ್ಪೂ ಇಲ್ಲದೆ ಕಟ್ಟಿದ್ದ ವ್ಯವಸ್ಥೆ ಅದನ್ನು ದಿನವೂ ಅಳಿಸಿ ಹಾಕುತ್ತಿತ್ತು. ಅಳಿಸುವ ಸಾಲುಗಳನ್ನು ಬರೆದವಳು ನಾನೇ. ಅದು ಸರಿಯಾಗಿ ಅಳಿಸುತ್ತದೆಯೇ ಎಂದು ಹತ್ತಾರು ಸಲ ಪರೀಕ್ಷೆ ಮಾಡಿ ಬೆನ್ನು ತಟ್ಟಿಕೊಂಡವಳೂ ನಾನೇ.

ನಡೆದದ್ದನ್ನು ಅವರಿಗೆ ಬಿಡಿಸಿ ಹೇಳಿದೆ. ದುರ್ಗದಿಂದ ನನಗೆ ಏನೂ ಕಾಣುವುದಿಲ್ಲ, ಅವತ್ತು ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಅವರು ಕಪ್ಪು ಕನ್ನಡಕ ತೆಗೆದು, ನೀರಾಡುತ್ತಿದ್ದ ಕಣ್ಣಿನ ಅಂಚನ್ನು ಕರವಸ್ತ್ರದಿಂದ ಒತ್ತಿಕೊಂಡು, ನನ್ನ ಕಡೆ ತಿರುಗಿದರು.

“ಹಂಗಾರೆ ಒಂದೂ ಓದಿಲ್ವಾ ನೀವು?”

“ಒಂದೂ ಇಲ್ಲ. ಇದೊಂದೇ, ಈಗ.”

“ಅಳಿಸಿಹೋಗಿದ್ದನ್ನ ವಾಪಸ್ ತೆಗ್ಯಾಕೆ ಬರಲ್ವಾ?”

“ಬರಲ್ಲ ಸಾಹೇಬ್ರೆ. ಬರದ ಹಾಗೇ ಮಾಡಿದ್ದೀನಿ.”

ಅವರು ಎದ್ದು ಹೋಗಿ ಚಹಾ ಹೇಳಿ ಬಂದರು. ಬಂದು ಕಂಪ್ಯೂಟರಿನ ಟವೆಲ್ ತೆಗೆದು ಮಡಚಿಟ್ಟು, ಗುಂಡಿ ಒತ್ತಿದರು. ಬಂಡೆ ಎಂದಿನಂತೆ ಎದ್ದಿತು, ಖಾಲಿ ಮಾದರಿಗಳನ್ನು ಸಾಲಾಗಿ ಜೋಡಿಸಿಕೊಂಡು.

“ಬೇರೆ ಏನೇನು ಬರೆದಿದ್ರಿ?” ಎಂದು ಕೇಳಿದೆ.

“ನೆನಪಿಲ್ಲ ತಾಯಿ. ನಿಮ್ ಹತ್ರ ಐತಲ್ಲ ಅಂತ ಮರ್ತುಬಿಟ್ಟೆ.”

ಚಹಾ ಬಂತು. ಇಬ್ಬರೂ ಕುಡಿದೆವು. ಲೋಟ ಕೆಳಗಿಟ್ಟು ನಾನು ಅಂದೆ, “ಇನ್ನು ಮೇಲೆ ಬರೀಬೇಡಿ. ಯಾವಾಗ ಬೇಕಾದರೂ ಫೋನ್ ಮಾಡಿ, ಬಾಯಲ್ಲೇ ಹೇಳಿ. ಈಗಲೇ ಹೇಳಿ, ಏನೇನು ತೊಂದರೆ ಇದೆ?”

ಸಾಹೇಬರು ತೆರೆಯ ಮೇಲೆ ನಾನು ದೊಡ್ಡದು ಮಾಡಿದ್ದ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದರು.

“ಏನೂ ಇಲ್ಲ ತಾಯಿ,” ಎಂದರು. “ಈಗ ಎಲ್ಲಾ ಚೆನ್ನಾಗಿ ಕಾಣ್ತೈತೆ.”